ವೈರಸ್ಸಿನ ಔಷಧ ನಿರೋಧವೂ ಗಣಕಯಂತ್ರದ ಲೆಕ್ಕವೂ

ಎಚ್.ಐ.ವಿ. ರೋಗಕ್ಕೆ ಮೊದಲು ದೊರೆತ ಔಷಧ ಜಿಡೋವುಡಿನ್. ಅಮೆರಿಕದಲ್ಲಿ ಅದಕ್ಕೆ 1987ರಲ್ಲಿ ಒಪ್ಪಿಗೆ ಸಿಕ್ಕಿತು. 1989ರಲ್ಲಿಯೇ, ಆ ಔಷಧವನ್ನು ಸೇವಿಸುತ್ತಿದ್ದ ರೋಗಿಗಳ ದೇಹದಲ್ಲಿ ಅದಕ್ಕೆ ಮಣಿಯದ ವೈರಸ್ ತಲೆಯೆತ್ತಿದೆಯೆಂಬ ವರದಿ ಪ್ರಕಟವಾಯಿತು. ಎರಡೇ ವರ್ಷಗಳ ಅವಧಿ! ಅನಂತರ ಬಂದ ನೆವಿರಪಿನ್ ಮತ್ತು ಲಾಮಿವುಡಿನ್ ಔಷಧಗಳನ್ನು ಒಂಟಿಯಾಗಿ ಕೊಟ್ಟಾಗ ಅವು ಸೋಲಲು ವರ್ಷಗಳೂ ಬೇಕಾಗಲಿಲ್ಲ, ಕೆಲವು ವಾರಗಳೇ ಸಾಕಾದುವು. ಹೀಗಿರಲು 1996ರ ಸುಮಾರಿಗೆ ಮೂರು ಔಷಧಗಳನ್ನು ಒಟ್ಟಿಗೆ ಕೊಡುವ ಪದ್ಧತಿ ಬಂದೊಡನೆ ಅದೇ ವೈರಸ್ ವರ್ಷಗಟ್ಟಲೆ ಹಿಡಿತದಲ್ಲಿ ನಿಂತಿತು. ಒಂದಕ್ಕೆ ವಾರಗಳಲ್ಲಿ ಮಣಿಯದಾಗುವ ವೈರಸ್, ಮೂರಕ್ಕೆ ದಶಕಗಳ ಕಾಲ ಮಣಿದಿರುವುದೇಕೆ? ಎರಡು ಔಷಧಗಳು ಏಕೆ ಸಾಲವು? ರೋಗಿ ಕೆಲವು ದಿನ ಮಾತ್ರೆ ಬಿಟ್ಟರೆ ಅಷ್ಟೊಂದು ಭಯವೇಕೆ? ಈ ಪ್ರಶ್ನೆಗಳು ವೈದ್ಯಶಾಸ್ತ್ರದವಾಗಿ ಕಂಡರೂ ಇವುಗಳ ಉತ್ತರದ ಬಹುಭಾಗ ಎಣಿಕೆಯಲ್ಲಿದೆ. ಆ ಎಣಿಕೆಯನ್ನು ನಮ್ಮ ಕಾಲೇಜುಗಳ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಎಟುಕುವಂತೆ ವಿವರಿಸುವುದು ಈ ಲೇಖನದ ಉದ್ದೇಶ. ಗಣಿತವನ್ನು ಓದದವರೂ ಗುಣಾಕಾರ ಭಾಗಾಕಾರಗಳ ನೆರವಿನಿಂದಲೇ ಇದರ ತಿರುಳನ್ನು ಹಿಡಿಯಬಹುದು.

ಈ ವಿಷಯ ನಮಗೆ ದೂರದ್ದಲ್ಲ. ಭಾರತದಲ್ಲಿ ಎಚ್.ಐ.ವಿ. ಮೊದಲು ಪತ್ತೆಯಾದುದು 1986ರಲ್ಲಿ, ಮದರಾಸಿನಲ್ಲಿ. 2004ರ ಏಪ್ರಿಲ್ 1ರಿಂದ ಸರ್ಕಾರ ಉಚಿತ ಚಿಕಿತ್ಸೆಯನ್ನು ಆರಂಭಿಸಿದಾಗ ಆಯ್ದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿತ್ತು. ಇಂದು ಹಾಸನವೂ ಸೇರಿದಂತೆ ನಮ್ಮ ಜಿಲ್ಲೆಗಳಲ್ಲಿ ಚಿಕಿತ್ಸಾ ಕೇಂದ್ರಗಳಿವೆ. ಅಲ್ಲಿ ಮಾತ್ರೆ ಪಡೆಯುವವರಲ್ಲಿ ಕೂಲಿಯವರು, ಬೇಸಾಯಗಾರರು, ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಊರು ಬಿಟ್ಟು ಹೋಗುವವರು ಎಲ್ಲರೂ ಇದ್ದಾರೆ. ಪ್ರತಿಯೊಬ್ಬರ ವೈರಸ್ಸನ್ನೂ ಪ್ರಯೋಗಾಲಯದಲ್ಲಿ ಓದಿ, ಅವರವರಿಗೆ ತಕ್ಕ ಔಷಧವನ್ನು ಆರಿಸುವುದು ಇಷ್ಟು ಜನಕ್ಕೆ ಸಾಧ್ಯವಾಗುವ ಮಾತಲ್ಲ. ಎಲ್ಲರಿಗೂ ಒಂದೇ ಔಷಧಕ್ರಮವನ್ನು ಗೊತ್ತುಮಾಡಬೇಕಾಗುತ್ತದೆ. ಆ ಕ್ರಮ ತಪ್ಪಿದರೆ ತಪ್ಪುವುದು ಲಕ್ಷಾಂತರ ಜನಕ್ಕೆ. ಆದುದರಿಂದಲೇ ಲೆಕ್ಕ ಮೊದಲೇ ಸರಿಯಾಗಿರಬೇಕು.

ಮೊದಲು ಒಂದು ತಪ್ಪು ಗ್ರಹಿಕೆಯನ್ನು ಬದಿಗಿಡಬೇಕು. ವೈರಸ್ ಔಷಧವನ್ನು ಕಂಡು, ಅದಕ್ಕೆ ಹೊಂದಿಕೊಂಡು, ಬದಲಾಗುತ್ತದೆ ಎಂಬ ಮಾತು ಪಠ್ಯಪುಸ್ತಕಗಳಲ್ಲಿಯೂ ಆಗಾಗ ನುಸುಳುತ್ತದೆ. ವಾಸ್ತವದಲ್ಲಿ ಬದಲಾವಣೆ ಔಷಧಕ್ಕಾಗಿ ಕಾಯುವುದಿಲ್ಲ. ಅದು ಯಾವಾಗಲೂ, ಯಾವ ಗುರಿಯೂ ಇಲ್ಲದೆ ನಡೆಯುತ್ತಲೇ ಇರುತ್ತದೆ; ಔಷಧ ಮಾಡುವುದು ಆಯ್ಕೆಯನ್ನು ಮಾತ್ರ. ಇದನ್ನು ಸ್ಪಷ್ಟವಾಗಿ ತೋರಿಸಿದವರು ಲೂರಿಯಾ ಮತ್ತು ಡೆಲ್‌ಬ್ರುಕ್, 1943ರಲ್ಲಿ. ಅವರ ಪ್ರಯೋಗದಲ್ಲಿ ಪಾತ್ರಗಳು ತಿರುವುಮುರುವಾಗಿದ್ದುವು. ಅಲ್ಲಿ ವೈರಸ್ಸಿನ ದಾಳಿಯನ್ನು ತಡೆದುಕೊಂಡು ಉಳಿದದ್ದು ಬ್ಯಾಕ್ಟೀರಿಯ. ಒಂದೇ ಬಗೆಯ ಹಲವು ನಳಿಗೆಗಳಲ್ಲಿ ಬ್ಯಾಕ್ಟೀರಿಯವನ್ನು ಬೆಳೆಸಿ, ಅನಂತರ ವೈರಸ್ಸಿಗೆ ಒಡ್ಡಿದಾಗ, ಕೆಲವು ನಳಿಗೆಗಳಲ್ಲಿ ಒಂದೂ ಉಳಿಯಲಿಲ್ಲ, ಕೆಲವರಲ್ಲಿ ಒಂದೆರಡು, ಮತ್ತೆ ಕೆಲವರಲ್ಲಿ ನೂರಾರು ಉಳಿದುವು. ದಾಳಿಗೆ ಪ್ರತಿಯಾಗಿ ನಿರೋಧ ಹುಟ್ಟುವುದಾಗಿದ್ದರೆ ಎಲ್ಲ ನಳಿಗೆಗಳಲ್ಲಿಯೂ ಸರಿಸುಮಾರು ಸಮಸಂಖ್ಯೆ ಕಾಣಬೇಕಿತ್ತು. ಈ ಏರುಪೇರೇ ಸಾಕ್ಷಿ: ನಿರೋಧ ಮೊದಲೇ ಹುಟ್ಟಿತ್ತು, ಯಾವ ನಳಿಗೆಯಲ್ಲಿ ಬೇಗ ಹುಟ್ಟಿತೋ ಅಲ್ಲಿ ಅದರ ಸಂತತಿ ಹೆಚ್ಚಾಗಿತ್ತು. ಸರಾಸರಿಯನ್ನು ನೋಡಿದ್ದರೆ ಈ ಸಂಗತಿ ಕಾಣುತ್ತಿರಲಿಲ್ಲ. ವಾಚಕರು ಇದನ್ನು ನೆನಪಿನಲ್ಲಿಡಬೇಕು. ಮುಂದೆ ಇದು ಮತ್ತೆ ಬರುತ್ತದೆ.

ಇನ್ನು ಎಣಿಕೆಗೆ ಬರೋಣ. ಎಚ್.ಐ.ವಿ.ಯ ಆನುವಂಶಿಕ ಬರಹದ ಉದ್ದ ಸುಮಾರು ಹತ್ತು ಸಾವಿರ ಅಕ್ಷರ. ಈ ಬರಹವನ್ನು ನಕಲುಮಾಡುವ ಕಿಣ್ವಕ್ಕೆ ತನ್ನ ನಕಲನ್ನು ತಿದ್ದಿ ನೋಡುವ ಶಕ್ತಿಯಿಲ್ಲ. ಒಂದು ಅಕ್ಷರವನ್ನು ನಕಲುಮಾಡುವಾಗ ತಪ್ಪು ಬೀಳುವ ಸಂಭವ ಸುಮಾರು ಲಕ್ಷಕ್ಕೆ ಮೂರು. ಆ ತಪ್ಪು ಮೂರು ಬೇರೆ ಅಕ್ಷರಗಳಲ್ಲಿ ಯಾವುದಾದರೂ ಆಗಬಹುದಷ್ಟೆ. ಆದುದರಿಂದ ಗೊತ್ತಾದ ಒಂದು ಸ್ಥಾನದಲ್ಲಿ ಗೊತ್ತಾದ ಒಂದು ಬದಲಾವಣೆ ಬರುವ ಸಂಭವವನ್ನು ಲಕ್ಷಕ್ಕೆ ಒಂದು ಎಂದು ಇಟ್ಟುಕೊಳ್ಳೋಣ. ಕೇಳುವುದಕ್ಕೆ ಇದು ಬಹಳ ಕಡಿಮೆ. ಆದರೆ ಈ ವೈರಸ್ಸಿನ ಸಂತಾನದ ವೇಗವನ್ನು ನೋಡಿ. 1995 ಮತ್ತು 1996ರಲ್ಲಿ ಡೇವಿಡ್ ಹೋ, ಅಲನ್ ಪೆರೆಲ್ಸನ್ ಮೊದಲಾದವರು, ಔಷಧ ಕೊಟ್ಟ ಮೇಲೆ ರಕ್ತದಲ್ಲಿ ವೈರಸ್ ಎಷ್ಟು ಬೇಗ ಇಳಿಯುತ್ತದೆಂಬುದನ್ನು ಅಳೆದು, ಆ ಇಳಿತದ ರೇಖೆಯಿಂದಲೇ ಹುಟ್ಟಿನ ಪ್ರಮಾಣವನ್ನು ಗುಣಿಸಿದರು. ಒಬ್ಬ ರೋಗಿಯಲ್ಲಿ ದಿನಕ್ಕೆ ಸುಮಾರು ಒಂದು ಸಾವಿರ ಕೋಟಿ ವೈರಸ್ ಕಣಗಳು ಹುಟ್ಟುತ್ತವೆ. ಒಂದು ತಲೆಮಾರಿಗೆ ಎರಡೂವರೆ ದಿನವೇ ಸಾಕು. ವರ್ಷಗಟ್ಟಲೆ ಲಕ್ಷಣವೇ ತೋರದೆ ಮಲಗಿರುವ ರೋಗವೆಂದು ಅಲ್ಲಿಯವರೆಗೆ ತಿಳಿದಿದ್ದುದು ಒಳಗೆ ಬಿರುಸಾಗಿ ನಡೆಯುತ್ತಿದ್ದ ಹುಟ್ಟುಸಾವುಗಳ ಸಮತೋಲವೆಂದು ಆಗ ತಿಳಿದುಬಂತು.

ಹುಟ್ಟಿದ ಕಣಗಳಲ್ಲಿ ಹೆಚ್ಚಿನವು ವ್ಯರ್ಥವಾಗುತ್ತವೆ. ದಿನಕ್ಕೆ ಒಂದು ಕೋಟಿ ಹೊಸ ಜೀವಕೋಶಗಳಿಗೆ ಸೋಂಕು ತಗಲುತ್ತದೆಂದು ಹಿಡಿಯೋಣ. ಕೋಟಿಯನ್ನು ಲಕ್ಷದಿಂದ ಭಾಗಿಸಿದರೆ ನೂರು. ಎಂದರೆ, ಒಂದೇ ಅಕ್ಷರದ ಬದಲಾವಣೆಯಿಂದ ಸೋಲುವ ಔಷಧಕ್ಕೆ, ಅದನ್ನು ಸೋಲಿಸಬಲ್ಲ ವೈರಸ್ ಪ್ರತಿದಿನ ನೂರು ಕೋಶಗಳಲ್ಲಿ ಹೊಸದಾಗಿ ಹುಟ್ಟುತ್ತಿರುತ್ತದೆ. ಅದೂ ರೋಗಿ ಆ ಔಷಧದ ಹೆಸರನ್ನೇ ಕೇಳಿರದಾಗ! ನೆವಿರಪಿನ್ ಒಂಟಿಯಾಗಿ ವಾರಗಳಲ್ಲಿ ಸೋತುದರಲ್ಲಿ ಆಶ್ಚರ್ಯವೇನಿದೆ? ಎರಡು ಗೊತ್ತಾದ ಬದಲಾವಣೆಗಳು ಒಂದೇ ನಕಲಿನಲ್ಲಿ ಒಟ್ಟಿಗೆ ಬರುವ ಸಂಭವ ಸಾವಿರ ಕೋಟಿಗೆ ಒಂದು. ದಿನಕ್ಕೆ ಒಂದು ಕೋಟಿಯಂತೆ ಎಣಿಸಿದರೆ ಸಾವಿರ ದಿನಕ್ಕೊಮ್ಮೆ, ಎಂದರೆ ಮೂರು ವರ್ಷಕ್ಕೊಮ್ಮೆ. ಮೂರು ಬದಲಾವಣೆಗಳಿಗಾದರೋ ಹತ್ತು ಕೋಟಿ ದಿನ ಕಾಯಬೇಕು. ಅದು ಸುಮಾರು 2,70,000 ವರ್ಷ. ಒಂದು, ಎರಡು, ಮೂರು ಎಂಬ ಔಷಧಗಳ ಎಣಿಕೆ ಏರುವಾಗ ರಕ್ಷಣೆ ಒಂದು, ಎರಡು, ಮೂರರಂತೆ ಏರದೆ ಲಕ್ಷದಿಂದ ಲಕ್ಷಕ್ಕೆ ಗುಣಿಸುತ್ತಾ ಏರುತ್ತದೆ.

ಇಷ್ಟಕ್ಕೇ ನಿಂತರೆ ಲೆಕ್ಕ ಅರ್ಧವಾಯಿತು. ಒಂದು ಬದಲಾವಣೆ ಪಡೆದ ವೈರಸ್ ಆ ದಿನವೇ ಅಳಿಯುವುದಿಲ್ಲ. ಅದಕ್ಕೂ ಸಂತತಿ ಉಂಟು, ಆ ಸಂತತಿಯಲ್ಲಿ ಎರಡನೆಯ ಬದಲಾವಣೆ ಬರಬಹುದು. ಮೆಟ್ಟಲು ಮೆಟ್ಟಲಾಗಿ ಹತ್ತುವ ಈ ದಾರಿ ಒಂದೇ ನೆಗೆತಕ್ಕಿಂತ ಸುಲಭ. ಆದರೆ ಇದಕ್ಕೆ ಎದುರಾಗಿ ಇನ್ನೊಂದು ಸಂಗತಿಯಿದೆ. ಔಷಧವಿಲ್ಲದಾಗ ನಿರೋಧಕ ವೈರಸ್ ಸಾಮಾನ್ಯವಾಗಿ ಮೂಲ ವೈರಸ್ಸಿಗಿಂತ ಸ್ವಲ್ಪ ಬಡವಾಗಿರುತ್ತದೆ. ತನ್ನ ಕಿಣ್ವದ ಆಕಾರವನ್ನು ಕೆಡಿಸಿಕೊಂಡುದಕ್ಕೆ ತೆರುವ ಬೆಲೆ ಅದು. ಒಂದು ಕಡೆ ಹೊಸ ಹುಟ್ಟಿನ ಒಳಹರಿವು, ಇನ್ನೊಂದು ಕಡೆ ಸ್ಪರ್ಧೆಯಲ್ಲಿ ಸೋಲುವ ಹೊರಹರಿವು. ಕೆರೆಗೆ ಸಣ್ಣ ಕಾಲುವೆಯೊಂದರಿಂದ ನೀರು ಬರುತ್ತಾ ತೂಬಿನಿಂದ ಹೋಗುತ್ತಾ ಇದ್ದರೆ ನೀರು ಒಂದು ಮಟ್ಟದಲ್ಲಿ ನಿಲ್ಲುವುದಿಲ್ಲವೆ? ಹಾಗೆಯೇ ಇಲ್ಲಿಯೂ. ಪ್ರತಿ ತಲೆಮಾರಿನಲ್ಲಿ ಲಕ್ಷಕ್ಕೊಂದು ಹುಟ್ಟುತ್ತಾ, ಇದ್ದುದರಲ್ಲಿ ಹತ್ತನೆಯ ಒಂದು ಪಾಲು ನಷ್ಟವಾಗುತ್ತಾ ಇದ್ದರೆ, ಸಮತೋಲದ ಮಟ್ಟ ಹತ್ತು ಸಾವಿರಕ್ಕೊಂದು. ಎರಡು ಬದಲಾವಣೆಗಳು ಒಂದನ್ನೊಂದು ಅವಲಂಬಿಸದಿದ್ದರೆ ಅವೆರಡೂ ಕೂಡಿದ ವೈರಸ್ಸಿನ ಮಟ್ಟ ಹತ್ತು ಕೋಟಿಗೊಂದು.

ದೇಹದಲ್ಲಿ ಸೋಂಕು ತಗಲಿದ ಕೋಶಗಳು ಯಾವುದೇ ಗಳಿಗೆಯಲ್ಲಿ ಒಂದು ಕೋಟಿ ಎನ್ನೋಣ. ಆಗ ಎರಡು ಬದಲಾವಣೆಗಳುಳ್ಳ ಕೋಶಗಳ ಸಂಖ್ಯೆ ಎಷ್ಟು? ಭಾಗಾಕಾರ ಹೇಳುವುದು: 0.1. ಒಂದು ಕೋಶದ ಹತ್ತನೆಯ ಒಂದು ಪಾಲು! ಇಂತಹ ಕೋಶ ಯಾರ ದೇಹದಲ್ಲಿಯೂ ಇರಲಾರದು. ನಿಜವಾಗಿ ಇದರ ಅರ್ಥ, ಹತ್ತು ರೋಗಿಗಳಲ್ಲಿ ಸುಮಾರು ಒಬ್ಬನಲ್ಲಿ ಅಂತಹ ಕೋಶವುಂಟು, ಉಳಿದ ಒಂಬತ್ತು ಮಂದಿಯಲ್ಲಿ ಇಲ್ಲವೇ ಇಲ್ಲ. ಎರಡು ಔಷಧಗಳ ಚಿಕಿತ್ಸೆ ಆ ಒಬ್ಬನಲ್ಲಿ ಮೊದಲ ದಿನದಿಂದಲೇ ಸೋಲುವ ದಾರಿ ಹಿಡಿದಿರುತ್ತದೆ. ಕೋಶಗಳ ಸಂಖ್ಯೆಯನ್ನು ಒಂದು ಕೋಟಿಯ ಬದಲು ಹತ್ತು ಕೋಟಿ ಎಂದು ಹಿಡಿದರೆ ಸರಾಸರಿ 1 ಆಗುತ್ತದೆ. ಸಂಭವನೀಯತೆಯ ನಿಯಮದ ಪ್ರಕಾರ ಆಗ ನೂರಕ್ಕೆ 63 ಮಂದಿಯಲ್ಲಿ ಅಂತಹ ವೈರಸ್ ಇರುತ್ತದೆ, 37 ಮಂದಿಯಲ್ಲಿ ಇರುವುದಿಲ್ಲ. ಲೂರಿಯಾ ಮತ್ತು ಡೆಲ್‌ಬ್ರುಕ್ಕರ ನಳಿಗೆಗಳೇ ಇಲ್ಲಿ ರೋಗಿಗಳಾಗಿ ನಿಂತಿವೆ. ‘ಸರಾಸರಿ ರೋಗಿ’ ಎಂಬವನು ಎಲ್ಲಿಯೂ ಇಲ್ಲ.

ಗಣಕಯಂತ್ರ ಅನಿವಾರ್ಯವಾಗುವುದು ಈ ಹಂತದಲ್ಲಿಯೇ. ಸರಾಸರಿಗಳ ಚಲನೆಯನ್ನು ಹೇಳುವ ಅವಕಲ ಸಮೀಕರಣಗಳನ್ನು ಕಾಗದದ ಮೇಲೆಯೂ ಬಿಡಿಸಬಹುದು. ಆದರೆ ಅವು 0.1 ಕೋಶವನ್ನು ನಿಜವಾದ ಕೋಶವೆಂದೇ ನಂಬಿ ಬೆಳೆಸುತ್ತವೆ. ಆದುದರಿಂದ ನಿರೋಧ ನಿಜವಾಗಿ ಬರುವುದಕ್ಕಿಂತ ಬೇಗ ಬರುತ್ತದೆಂದು ಹೇಳಿಬಿಡುತ್ತವೆ. ಇದಕ್ಕೆ ಬದಲಾಗಿ ಯಾದೃಚ್ಛಿಕ ಅನುಕರಣೆಯೆಂಬ ವಿಧಾನವುಂಟು. ಒಂದೊಂದು ವೈರಸ್ಸಿನ ಬರಹವನ್ನೂ ಗಣಕದ ಸ್ಮೃತಿಯಲ್ಲಿ ಸೊನ್ನೆ, ಒಂದುಗಳ ಸಾಲಾಗಿ ಇಡುತ್ತಾರೆ. ಕೋಶಗಳನ್ನು ಸಾಲಾಗಿ ನಿಲ್ಲಿಸಿ, ಚೀಟಿ ಎತ್ತುವಂತೆ, ಯಾವ ವೈರಸ್ ಯಾವ ಕೋಶವನ್ನು ಹೊಕ್ಕಿತೆಂಬುದನ್ನು ಯಾದೃಚ್ಛಿಕ ಸಂಖ್ಯೆಯಿಂದ ಗೊತ್ತುಮಾಡುತ್ತಾರೆ. ನಕಲು ನಡೆಯುವಾಗ ಪ್ರತಿ ಅಕ್ಷರಕ್ಕೂ ಚೀಟಿ ಎತ್ತಿ, ತಪ್ಪು ಬಿತ್ತೆ ಇಲ್ಲವೆ ಎಂದು ನೋಡುತ್ತಾರೆ. ಹುಟ್ಟಿದ ಪ್ರತಿಯೊಂದಕ್ಕೂ ಔಷಧವಿದ್ದಾಗ ಎಷ್ಟು, ಇಲ್ಲದಾಗ ಎಷ್ಟು ಸಂತಾನಶಕ್ತಿ ಎಂಬ ಅಂಕವನ್ನು ಕೊಟ್ಟು, ಅದಕ್ಕೆ ಅನುಸಾರವಾಗಿ ಮುಂದಿನ ತಲೆಮಾರನ್ನು ಆಯುತ್ತಾರೆ. ಹೀಗೆ ಸಾವಿರಾರು ತಲೆಮಾರು ನಡೆಸಿದರೆ ಒಬ್ಬ ಕಲ್ಪಿತ ರೋಗಿಯ ಕಥೆ ಮುಗಿಯಿತು. ಮತ್ತೆ ಮೊದಲಿನಿಂದ ಎರಡನೆಯ ರೋಗಿ, ಮೂರನೆಯ ರೋಗಿ. ಉತ್ತರವಾಗಿ ದೊರೆಯುವುದು ಒಂದು ಸಂಖ್ಯೆಯಲ್ಲ, ಸಂಖ್ಯೆಗಳ ಹರವು. ಇದರ ಸಣ್ಣ ರೂಪವೊಂದನ್ನು ನಮ್ಮ ಕಾಲೇಜುಗಳ ಸಾಧಾರಣ ಗಣಕದಲ್ಲಿ ಪದವಿ ವಿದ್ಯಾರ್ಥಿಗಳೇ ಬರೆದು ಓಡಿಸಬಹುದು. ನೂರು ಸಾಲುಗಳೊಳಗಿನ ಕೆಲಸ.

ಎಚ್.ಐ.ವಿ.ಯಲ್ಲಿ ಇನ್ನೊಂದು ತೊಡಕುಂಟು. ಪ್ರತಿ ವೈರಸ್ ಕಣದೊಳಗೂ ಬರಹದ ಎರಡು ಪ್ರತಿಗಳಿರುತ್ತವೆ. ನಕಲುಮಾಡುವ ಕಿಣ್ವ ಒಂದರಿಂದ ಇನ್ನೊಂದಕ್ಕೆ ಆಗಾಗ ಹಾರುತ್ತದೆ. ಇದೇ ಪುನಸ್ಸಂಯೋಜನೆ. ಒಂದೇ ಕೋಶವನ್ನು ಎರಡು ಬಗೆಯ ವೈರಸ್ ಹೊಕ್ಕಿದ್ದರೆ, ಒಂದರಲ್ಲಿದ್ದ ನಿರೋಧ ಮತ್ತೊಂದರಲ್ಲಿದ್ದ ನಿರೋಧದೊಡನೆ ಕೂಡಬಹುದು. ಆದುದರಿಂದ ಪುನಸ್ಸಂಯೋಜನೆ ಯಾವಾಗಲೂ ರೋಗಕ್ಕೇ ಸಹಾಯವೆಂದು ತೋರುವುದು ಸಹಜ. ಆದರೆ ಕೂಡಿಸುವ ಕತ್ತರಿಯೇ ಕೂಡಿದ್ದನ್ನು ಬೇರ್ಪಡಿಸಲೂ ಬಲ್ಲದು. ಎರಡರಲ್ಲಿ ಯಾವುದು ಮೇಲಾಗುತ್ತದೆಂಬುದು ವೈರಸ್ಸುಗಳ ಸಂಖ್ಯೆ, ಬದಲಾವಣೆಗಳ ನಡುವಣ ಅಂತರ, ಅವು ಒಂದಕ್ಕೊಂದು ಒದಗುವ ರೀತಿ ಇವುಗಳ ಮೇಲೆ ನಿಂತಿದೆ. ಊಹೆಯಿಂದ ಹೇಳಲಾಗದ ಇಂತಹ ಕಡೆಯಲ್ಲಿಯೇ ಅನುಕರಣೆಗೆ ಬೆಲೆ.

ಈ ಕ್ಷೇತ್ರದಲ್ಲಿ ಗಮನಾರ್ಹವಾದ ಕೆಲಸ ನಮ್ಮ ರಾಜ್ಯದಲ್ಲಿಯೇ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನರೇಂದ್ರ ದೀಕ್ಷಿತ್ ಅವರೂ ಅವರ ಸಹೋದ್ಯೋಗಿಗಳೂ ಇದನ್ನು ನಡೆಸಿದವರು. ಅವರದು ರಾಸಾಯನಿಕ ಎಂಜಿನಿಯರಿಂಗ್ ವಿಭಾಗ ಎಂಬುದು ಕೆಲವರಿಗೆ ಸೋಜಿಗವಾಗಬಹುದು. ಆದರೆ ಒಳಹರಿವು, ಹೊರಹರಿವು, ಕ್ರಿಯೆಯ ವೇಗ ಇವುಗಳನ್ನು ತೂಗಿ ನೋಡುವುದು ಆ ಶಾಸ್ತ್ರದ ದಿನನಿತ್ಯದ ಕೆಲಸ. ಪಾತ್ರೆಯ ಬದಲು ಇಲ್ಲಿ ದೇಹವಿದೆ, ಅಷ್ಟೇ. 2009ರಲ್ಲಿ ಪ್ರಕಟವಾದ ಅವರ ಒಂದು ಲೇಖನ, ಹಲವು ಬದಲಾವಣೆಗಳು ಕೂಡಿದಲ್ಲದೆ ಸೋಲದ ಔಷಧಗಳನ್ನು ಕುರಿತದ್ದು. ಔಷಧ ಸೋಲಲು ಎಷ್ಟು ಬದಲಾವಣೆ ಬೇಕೋ ಅದನ್ನು ಆ ಔಷಧದ ಆನುವಂಶಿಕ ತಡೆ ಎನ್ನುತ್ತಾರೆ. ತಡೆ ದೊಡ್ಡದಾದಷ್ಟೂ ಯಾದೃಚ್ಛಿಕತೆಯ ಪಾತ್ರ ಹೆಚ್ಚುತ್ತದೆ, ಸರಾಸರಿಯ ಲೆಕ್ಕ ದಾರಿ ತಪ್ಪಿಸುತ್ತದೆ. ಅವರು ಟಿಪ್ರಾನವಿರ್ ಎಂಬ ಔಷಧವನ್ನು ಆರಿಸಿಕೊಂಡು, ಪ್ರಯೋಗಾಲಯದಲ್ಲಿ ವೈರಸ್ಸನ್ನು ಕೋಶಗಳಿಂದ ಕೋಶಗಳಿಗೆ ದಾಟಿಸುತ್ತಾ ಬೆಳೆಸಿದಾಗ ಯಾವ ಯಾವ ಬದಲಾವಣೆ ಯಾವ ಕಾಲಕ್ಕೆ ಕಂಡಿತೆಂಬುದನ್ನು ತಮ್ಮ ಲೆಕ್ಕದೊಡನೆ ಹೋಲಿಸಿದರು. ಎರಡೂ ಚೆನ್ನಾಗಿ ಹೊಂದಿದುವು. ಈ ಲೆಕ್ಕದಿಂದ ಔಷಧ ರಚಿಸುವವರಿಗೂ ಒಂದು ಸೂಚನೆ ದೊರೆಯಿತು: ಔಷಧವನ್ನು ಸೋಲಿಸಲು ಬೇಕಾದ ಬದಲಾವಣೆಗಳು ವೈರಸ್ಸಿನ ಬರಹದಲ್ಲಿ ಒಂದರ ಪಕ್ಕದಲ್ಲೊಂದು ಇಕ್ಕಟ್ಟಾಗಿ ಇರುವಂತಹ ಔಷಧವೇ ಮೇಲು. ಸ್ಥಾನಗಳು ಹತ್ತಿರವಿದ್ದರೆ ಅವುಗಳ ನಡುವೆ ಕಿಣ್ವ ಹಾರುವ ಅವಕಾಶ ಕಡಿಮೆ. ಬೇರೆ ಬೇರೆ ಎಡೆಯಲ್ಲಿ ಹುಟ್ಟಿದ ಬದಲಾವಣೆಗಳು ಕೂಡುವುದು ಕಷ್ಟ.

ಮೇಲೆ ನಾವು ಒಂದು ಕೋಟಿಯೋ ಹತ್ತು ಕೋಟಿಯೋ ಎಂದು ಹಿಡಿದು ಎಣಿಸಿದೆವು. ಎಲ್ಲ ಕೋಶಗಳೂ ಮುಂದಿನ ಪೀಳಿಗೆಗೆ ಸಮನಾಗಿ ಪಾಲು ಕೊಡುವುದಿಲ್ಲವಾದುದರಿಂದ, ವಿಕಾಸದ ದೃಷ್ಟಿಯಿಂದ ಲೆಕ್ಕಕ್ಕೆ ಬರುವ ಪರಿಣಾಮಕ ಸಂಖ್ಯೆ ತಲೆಯೆಣಿಕೆಗಿಂತ ಬಹಳ ಚಿಕ್ಕದು. ಅದು ಎಷ್ಟೆಂಬುದರ ಬಗ್ಗೆ ವಿದ್ವಾಂಸರಲ್ಲಿ ದೊಡ್ಡ ಭಿನ್ನಾಭಿಪ್ರಾಯವಿತ್ತು. ನೂರರಿಂದ ಲಕ್ಷಕ್ಕೂ ಮೇಲಿನವರೆಗೆ ಅಂದಾಜುಗಳಿದ್ದುವು. ಬೆಂಗಳೂರಿನ ತಂಡ 2011ರಲ್ಲಿ, ಒಂದೇ ಕೋಶಕ್ಕೆ ಹಲವು ಸೋಂಕು ತಗಲುವುದನ್ನೂ ಪುನಸ್ಸಂಯೋಜನೆಯನ್ನೂ ಆಯ್ಕೆಯನ್ನೂ ಒಟ್ಟಿಗೆ ಅನುಕರಿಸಿ, ರೋಗಿಗಳಲ್ಲಿ ವರ್ಷಗಳ ಕಾಲ ಕಂಡ ವೈವಿಧ್ಯದೊಡನೆ ಹೋಲಿಸಿ, ಸಾವಿರದಿಂದ ಹತ್ತು ಸಾವಿರದೊಳಗೆ ಎಂದು ಅಂದಾಜು ಮಾಡಿತು. ಅದು ನಿಜವಾದರೆ ಒಬ್ಬ ರೋಗಿಯಲ್ಲಿ ನಿರೋಧ ಯಾವಾಗ ಬರುವುದೆಂಬುದು ಬಹುಮಟ್ಟಿಗೆ ಯಾದೃಚ್ಛಿಕವೇ. ಒಂದೇ ವಾರ್ಡಿನ ಇಬ್ಬರು, ಒಂದೇ ಮಾತ್ರೆ, ಒಂದೇ ಶ್ರದ್ಧೆ. ಒಬ್ಬನಿಗೆ ಸೋಲು, ಇನ್ನೊಬ್ಬನಿಗೆ ಇಲ್ಲ. ಮೊದಲನೆಯವನು ಮಾತ್ರೆ ನುಂಗದೆ ಮೋಸಮಾಡಿದನೆಂದು ಆರೋಪಿಸುವ ಮೊದಲು ಈ ಲೆಕ್ಕವನ್ನು ನೆನೆಯುವುದು ನ್ಯಾಯ ಎಂದು ನಮಗೆ ತೋರುತ್ತದೆ.

ಇದೆಲ್ಲ ಜೀವನಕ್ಕೆ ಎಷ್ಟು ಹತ್ತಿರದ್ದೆಂಬುದನ್ನು ನೆವಿರಪಿನ್ನಿನ ಕಥೆ ತೋರಿಸುತ್ತದೆ. ಉಗಾಂಡದಲ್ಲಿ ನಡೆದ ಒಂದು ಪ್ರಯೋಗದ ಫಲ 1999ರಲ್ಲಿ ಹೊರಬಿತ್ತು. ಹೆರಿಗೆಯ ನೋವು ಆರಂಭವಾದಾಗ ತಾಯಿಗೆ 200 ಮಿಲಿಗ್ರಾಂ ನೆವಿರಪಿನ್ನಿನ ಒಂದೇ ಮಾತ್ರೆ, ಹುಟ್ಟಿದ ಮಗುವಿಗೆ ಒಂದು ಗುಟುಕು. ಇಷ್ಟರಿಂದಲೇ, ಅಲ್ಪಕಾಲದ ಜಿಡೋವುಡಿನ್ ಪಡೆದವರಿಗೆ ಹೋಲಿಸಿದಾಗ, ಮಗುವಿಗೆ ಸೋಂಕು ತಗಲುವುದು ನೂರಕ್ಕೆ 25ರಿಂದ 13ಕ್ಕೆ ಇಳಿಯಿತು. ಅಗ್ಗ, ಸುಲಭ. ಭಾರತವೂ ಸೇರಿ ಬಹು ದೇಶಗಳು ಇದನ್ನು ಕೈಗೊಂಡವು. ಅಸಂಖ್ಯ ಮಕ್ಕಳು ಉಳಿದರು. ಆದರೆ ನೆವಿರಪಿನ್ ದೇಹವನ್ನು ಬೇಗ ಬಿಡುವುದಿಲ್ಲ. ಎರಡು ಮೂರು ವಾರ ರಕ್ತದಲ್ಲಿ ಉಳಿಯುತ್ತದೆ. ಅಷ್ಟು ದಿನ ಅದು ಒಂಟಿ ಔಷಧವೇ. ದಿನಕ್ಕೆ ನೂರರಂತೆ ಹುಟ್ಟುತ್ತಿದ್ದ ನಿರೋಧಕ ವೈರಸ್ಸಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಬೇಕೆ? ಅದೇ ಪ್ರಯೋಗದ ತಾಯಂದಿರಲ್ಲಿ ಆರೆಂಟು ವಾರಗಳ ಅನಂತರ ನಾಲ್ವರಲ್ಲಿ ಒಬ್ಬಳ ವೈರಸ್ಸಿನಲ್ಲಿ ನಿರೋಧ ಕಂಡಿತು. ಮುಂದೆ ತಾಯಿಗೇ ಚಿಕಿತ್ಸೆ ಬೇಕಾದಾಗ ಆ ಕಾಲದಲ್ಲಿ ಬಡ ದೇಶಗಳಲ್ಲಿ ದೊರೆಯುತ್ತಿದ್ದುದು ನೆವಿರಪಿನ್ ಕೂಡಿದ ಮೂರು ಔಷಧಗಳ ಮಾತ್ರೆಯೇ. ಮಗುವನ್ನು ಉಳಿಸಿದ ಔಷಧ ತಾಯಿಯ ಪಾಲಿಗೆ ಮುಚ್ಚಿಹೋಯಿತೆ?

2010ರಲ್ಲಿ ಪ್ರಕಟವಾದ ಆಫ್ರಿಕದ ಒಂದು ಪರೀಕ್ಷೆ ಉತ್ತರ ಕೊಟ್ಟಿತು. ಮೊದಲು ಒಂಟಿ ಮಾತ್ರೆ ಪಡೆದಿದ್ದ ತಾಯಂದಿರಲ್ಲಿ, ನೆವಿರಪಿನ್ ಕೂಡಿದ ಚಿಕಿತ್ಸೆ ಪಡೆದವರ ಪೈಕಿ ನೂರಕ್ಕೆ 26 ಮಂದಿಯಲ್ಲಿ ಚಿಕಿತ್ಸೆ ಸೋತಿತು ಅಥವಾ ಸಾವು ಸಂಭವಿಸಿತು; ಬೇರೆ ವರ್ಗದ ಔಷಧ ಪಡೆದವರಲ್ಲಿ ಅದು 8 ಮಾತ್ರ. ಒಂಟಿ ಮಾತ್ರೆ ನುಂಗಿ ಹೆಚ್ಚು ಕಾಲ ಕಳೆದಿದ್ದವರಲ್ಲಿ ಈ ವ್ಯತ್ಯಾಸ ಕುಗ್ಗುತ್ತಿತ್ತು. ಏಕೆಂಬುದನ್ನು ನಮ್ಮ ಕೆರೆಯ ಲೆಕ್ಕ ತಿಳಿಸುತ್ತದೆ. ತಲೆಮಾರಿಗೆ ಹತ್ತನೆಯ ಒಂದು ಪಾಲು ನಷ್ಟವಾಗುವ ನಿರೋಧಕ ವೈರಸ್, ತಲೆಮಾರಿಗೆ ಎರಡು ದಿನವೆಂದರೂ, ಆರು ತಿಂಗಳೊಳಗೆ ಹತ್ತು ಸಾವಿರಕ್ಕೊಂದು ಎಂಬ ಹಳೆಯ ಮಟ್ಟಕ್ಕೆ ಇಳಿಯುತ್ತದೆ. ನಷ್ಟ ನೂರಕ್ಕೆ ಒಂದರಷ್ಟೇ ಆದರೆ ವರ್ಷ ಕಳೆದರೂ ಆರರಲ್ಲಿ ಒಂದು ಪಾಲು ಹಾಗೆಯೇ ಉಳಿದಿರುತ್ತದೆ. ನೆವಿರಪಿನ್ನಿಗೆ ಎದುರಾಗಿ ಹೆಚ್ಚಾಗಿ ಕಾಣುವ ಬದಲಾವಣೆಯೊಂದು, 103ನೆಯ ಸ್ಥಾನದ್ದು, ಇಂತಹ ಅಲ್ಪ ನಷ್ಟದ ಜಾತಿಯದೇ. ರೂಢಿಯ ವಿಧಾನದಿಂದ ವೈರಸ್ಸಿನ ಬರಹವನ್ನು ಓದುವಾಗ, ನೂರಕ್ಕೆ ಹದಿನೈದು ಇಪ್ಪತ್ತಕ್ಕಿಂತ ಕಡಿಮೆಯಿರುವ ಬಗೆಗಳು ಕಣ್ಣಿಗೇ ಬೀಳುವುದಿಲ್ಲ. ಕಾಣದ್ದು ಎಷ್ಟಿದೆಯೆಂದು ತಿಳಿಯಲು ಲೆಕ್ಕವೊಂದೇ ದಾರಿ. ನೆವಿರಪಿನ್ನನ್ನೇ ಸೇವಿಸಿರದ ರೋಗಿಗಳಲ್ಲಿ ಅದಕ್ಕೆ ಮಣಿಯದ ಅಲ್ಪಸಂಖ್ಯಾತ ವೈರಸ್ಸುಗಳು ಎಷ್ಟಿರಬಹುದೆಂದು ಭಾರತೀಯ ವಿಜ್ಞಾನ ಸಂಸ್ಥೆಯ ತಂಡ ಅನುಕರಣೆಯಿಂದಲೂ ಗಣಿತದಿಂದಲೂ ಅಂದಾಜು ಮಾಡಿ ಪ್ರಕಟಿಸಿದುದೂ 2010ರಲ್ಲಿಯೇ. ನಮ್ಮ ದೇಶದಲ್ಲಿ ಗರ್ಭಿಣಿಯರಿಗೆ ಒಂಟಿ ಮಾತ್ರೆಯ ಪದ್ಧತಿ ಹೋಗಿ, ಮೂರು ಔಷಧಗಳ ನಿರಂತರ ಚಿಕಿತ್ಸೆ 2014ರಿಂದ ಎಲ್ಲೆಡೆ ಬಂದಿತು.

ಮಟ್ಟ ಇಳಿಯಿತೆಂದರೆ ಇಲ್ಲವಾಯಿತೆಂದಲ್ಲ. ಹಾಸನದ ವಿದ್ಯಾರ್ಥಿಗಳಿಗೆ ಶೆಟ್ಟಿಹಳ್ಳಿಯ ಹಳೆಯ ಚರ್ಚನ್ನು ವರ್ಣಿಸಬೇಕಾಗಿಲ್ಲ. ಗೊರೂರಿನ ಹೇಮಾವತಿ ಜಲಾಶಯ ಮಳೆಗಾಲದಲ್ಲಿ ತುಂಬಿದಾಗ ಆ ಕಟ್ಟಡ ಬಹುಪಾಲು ಮುಳುಗುತ್ತದೆ. ಬೇಸಗೆಯಲ್ಲಿ ನೀರು ಇಳಿದಾಗ ಗೋಡೆಗಳೂ ಕಮಾನುಗಳೂ ಮತ್ತೆ ಎದ್ದು ನಿಲ್ಲುತ್ತವೆ. ತುಂಬಿದ ಹಿನ್ನೀರನ್ನು ಮಾತ್ರ ಕಂಡವನು ಅಲ್ಲಿ ಏನೂ ಇಲ್ಲವೆಂದು ಹೇಳಿಯಾನು. ಎಚ್.ಐ.ವಿ. ಕೆಲವು ದೀರ್ಘಾಯುಷಿ ಜೀವಕೋಶಗಳ ವರ್ಣತಂತುವಿನಲ್ಲಿ ಸೇರಿಕೊಂಡು ನಿಶ್ಶಬ್ದವಾಗಿ ಕುಳಿತುಬಿಡುತ್ತದೆ. ಇಂತಹ ಕೋಶಗಳ ಸಂಗ್ರಹ ಅರ್ಧಕ್ಕೆ ಇಳಿಯಲು ಸುಮಾರು 44 ತಿಂಗಳು ಬೇಕು. ಒಮ್ಮೆ ನಿರೋಧಕ ವೈರಸ್ ಅಲ್ಲಿ ಸೇರಿದರೆ, ಮೂಲ ವೈರಸ್ಸಿನ ಪ್ರವಾಹ ಮೇಲೆ ಎಷ್ಟೇ ತುಂಬಿರಲಿ, ಅದೇ ಔಷಧವನ್ನು ಮತ್ತೆ ಕೊಟ್ಟು ಆ ಪ್ರವಾಹವನ್ನು ಇಳಿಸಿದಂದು ಅದು ಮತ್ತೆ ಕಾಣಿಸಿಕೊಳ್ಳಬಹುದು.

ಮಾತ್ರೆ ತಪ್ಪಿಸುವುದರ ಅಪಾಯವೂ ಇದೇ ಲೆಕ್ಕದಿಂದ ತಿಳಿಯುತ್ತದೆ. ಔಷಧವೇ ಇಲ್ಲದಾಗ ಆಯ್ಕೆಯಿಲ್ಲ. ಮೂರೂ ಪೂರ್ತಿಯಾಗಿದ್ದಾಗ ಹುಟ್ಟೇ ಇಲ್ಲ. ಕೆಡುಕು ಇರುವುದು ನಡುವೆ. ಮೂರನ್ನೂ ಒಂದೇ ದಿನ ನಿಲ್ಲಿಸಿದರೂ ಮೂರೂ ಒಂದೇ ದಿನ ದೇಹವನ್ನು ಬಿಡುವುದಿಲ್ಲ. ರಕ್ತದಲ್ಲಿ ಲಾಮಿವುಡಿನ್ ಅರ್ಧಕ್ಕೆ ಇಳಿಯಲು ಐದರಿಂದ ಏಳು ಗಂಟೆ ಸಾಕು. ಎಫಾವಿರೆಂಜಿಗೆ ಎರಡು ದಿನದಷ್ಟು ಬೇಕು. ಬಸ್ಸು ತಪ್ಪಿ, ಕೂಲಿ ಬಿಡಲಾರದೆ, ವಾರಗಟ್ಟಲೆ ಮಾತ್ರೆ ಇಲ್ಲದೆ ಕಳೆದವನಿಗೆ, ತಾನು ಒಂಟಿ ಔಷಧದ ಚಿಕಿತ್ಸೆಯಲ್ಲಿ ಇದ್ದೇನೆಂಬುದು ಹೇಗೆ ತಿಳಿಯಬೇಕು?

ಬರಹದ ಅಕ್ಷರಗಳನ್ನೇ ಹಿಡಿದು ನಡೆಯುವ ಇನ್ನೊಂದು ಬಗೆಯ ಗಣನೆಯೂ ಉಂಟು. ರೋಗಿಯ ವೈರಸ್ಸಿನ ಬರಹವನ್ನು ಓದಿ, ಯಾವ ಔಷಧ ನಡೆಯುವುದು, ಯಾವುದು ನಡೆಯದು ಎಂದು ಹೇಳುವುದು ಅದರ ಕೆಲಸ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಇದಕ್ಕಾಗಿ ದೊಡ್ಡ ಸಂಗ್ರಹವೊಂದನ್ನು ಇಟ್ಟಿದೆ. ಯಾರು ಬೇಕಾದರೂ ಅದನ್ನು ಬಳಸಬಹುದು. ಆದರೆ ಒಂದು ಎಚ್ಚರಿಕೆ ಬೇಕು. ಆರಂಭದ ತಿಳಿವಳಿಕೆ ಬಂದುದು ಯೂರೋಪು, ಅಮೆರಿಕಗಳಲ್ಲಿ ಹರಡಿದ ‘ಬಿ’ ಉಪಜಾತಿಯಿಂದ. ನಮ್ಮಲ್ಲಿ ಹರಡಿರುವುದು ‘ಸಿ’. ನಕಲು ಕಿಣ್ವದ 106ನೆಯ ಸ್ಥಾನವನ್ನು ನೋಡಿ. ಎರಡರಲ್ಲಿಯೂ ಅಲ್ಲಿರುವುದು ವ್ಯಾಲಿನ್ ಎಂಬ ಒಂದೇ ಅಮೈನೊ ಆಮ್ಲ. ಆದರೆ ‘ಬಿ’ಯಲ್ಲಿ ಅದನ್ನು ಸಾಮಾನ್ಯವಾಗಿ ಜಿಟಿಎ ಎಂದೂ, ‘ಸಿ’ಯಲ್ಲಿ ಜಿಟಿಜಿ ಎಂದೂ ಬರೆದಿರುತ್ತದೆ. ಅಲ್ಲಿ ಮೆಥಿಯೊನಿನ್ ಬಂದರೆ ನೆವಿರಪಿನ್, ಎಫಾವಿರೆಂಜ್ ಎರಡೂ ಸೋಲುತ್ತವೆ. ಮೆಥಿಯೊನಿನ್ನಿನ ಬರಹ ಎಟಿಜಿ. ಜಿಟಿಎಯಿಂದ ಎಟಿಜಿಗೆ ಎರಡು ಅಕ್ಷರ ಬದಲಾಗಬೇಕು, ಜಿಟಿಜಿಯಿಂದ ಒಂದೇ ಸಾಕು. ಪ್ರೋಟೀನು ಒಂದೇ, ಔಷಧ ಒಂದೇ. ಆದರೂ ಒಂದು ಉಪಜಾತಿ ಮೂರು ವರ್ಷಕ್ಕೊಮ್ಮೆ ನೆಗೆಯುವ ಕಂದಕವನ್ನು ಇನ್ನೊಂದು ದಿನಕ್ಕೆ ನೂರು ಸಲ ದಾಟುತ್ತದೆ. ಈ ಬದಲಾವಣೆ ‘ಸಿ’ ಉಪಜಾತಿಯ ರೋಗಿಗಳಲ್ಲಿಯೇ ಹೆಚ್ಚಾಗಿ ಕಾಣುವುದೆಂಬುದು 2003ರ ವೇಳೆಗೆ ದೃಢಪಟ್ಟಿತ್ತು. ಪರದೇಶದ ರೋಗಿಗಳ ಅಂಕಿಗಳಿಂದ ನಮ್ಮ ರೋಗಿಗಳ ಭವಿಷ್ಯ ನುಡಿಯುವ ಗಣಕಕ್ಕೆ ನಮ್ಮ ಬರಹಗಳನ್ನು ಓದಿಸದೆ ಉಪಾಯವಿಲ್ಲ.

ಗಣನೆಯಿಂದ ಆಗದುದನ್ನೂ ಹೇಳಬೇಕು. ಅನುಕರಣೆಗೆ ಕೊಟ್ಟ ಅಂಕಗಳು ಅಂದಾಜಿನವು. ನಷ್ಟ ಹತ್ತನೆಯ ಒಂದೋ ನೂರನೆಯ ಒಂದೋ ಎಂಬುದರಿಂದ ಉತ್ತರ ಎಷ್ಟು ಬದಲಾಗುತ್ತದೆಂಬುದನ್ನು ವಾಚಕರು ಮೇಲೆ ಕಂಡಿದ್ದಾರೆ. ರಕ್ತದಲ್ಲಿ ಅಳೆದುದು ದುಗ್ಧಗ್ರಂಥಿಯಲ್ಲಿ ಹಾಗೆಯೇ ಇರಬೇಕೆಂದಿಲ್ಲ. ಆದುದರಿಂದ ಟಿಪ್ರಾನವಿರಿನಲ್ಲಿ ಮಾಡಿದಂತೆ ಲೆಕ್ಕವನ್ನು ಪ್ರಯೋಗದ ಒರೆಗಲ್ಲಿಗೆ ಹಚ್ಚಿದಾಗ ಮಾತ್ರ ಅದು ನಂಬಿಕೆಗೆ ಅರ್ಹ. ಪರದೆಯ ಮೇಲೆ ಬಣ್ಣದ ರೇಖೆಗಳು ಅಂದವಾಗಿ ಏರಿಳಿಯುವುದು ಪ್ರಮಾಣವಲ್ಲ. ಈಚಿನ ವರ್ಷಗಳಲ್ಲಿ ವಿದ್ಯಾರ್ಥಿ ಪ್ರಬಂಧಗಳಲ್ಲಿ ಈ ಭೇದ ಮರೆಯಾಗುತ್ತಿರುವಂತೆ ನಮಗೆ ತೋರುತ್ತದೆ.

ಇಂದಿನ ಸ್ಥಿತಿಯಲ್ಲಿ ನೆವಿರಪಿನ್, ಎಫಾವಿರೆಂಜ್‌ಗಳ ಸ್ಥಾನವನ್ನು ಡೋಲುಟೆಗ್ರವಿರ್ ಪಡೆದಿದೆ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಮೊದಲ ಚಿಕಿತ್ಸೆಯಾಗಿ ಎಲ್ಲರಿಗೂ ಶಿಫಾರಸು ಮಾಡಿತು. ನಮ್ಮ ರಾಷ್ಟ್ರೀಯ ಕಾರ್ಯಕ್ರಮವೂ ಟೆನೊಫೊವಿರ್, ಲಾಮಿವುಡಿನ್‌ಗಳೊಡನೆ ಅದನ್ನು ಒಂದೇ ಮಾತ್ರೆಯಲ್ಲಿ ಕೊಡುತ್ತಿದೆ. ಅದರ ಆನುವಂಶಿಕ ತಡೆ ಎತ್ತರವಾದುದು. ಅದನ್ನು ಎದುರಿಸುವ ಬದಲಾವಣೆಗಳಲ್ಲಿ ಕೆಲವು, ವೈರಸ್ಸನ್ನೇ ಬಹಳ ಬಡವಾಗಿಸುತ್ತವೆ. ಆದರೂ 2024ರ ವಿಶ್ವ ಆರೋಗ್ಯ ಸಂಸ್ಥೆಯ ವರದಿಯ ಪ್ರಕಾರ, ಡೋಲುಟೆಗ್ರವಿರ್ ಸೇವಿಸುತ್ತಲೇ ವೈರಸ್ ಹತೋಟಿಗೆ ಬಾರದವರಲ್ಲಿ, ಸಮೀಕ್ಷೆ ನಡೆದ ದೇಶಗಳಲ್ಲಿ, ನೂರಕ್ಕೆ 3.9ರಿಂದ 8.6ರವರೆಗೆ ನಿರೋಧ ಕಂಡಿದೆ. ಇದು ನಿರೀಕ್ಷಿಸಿದುದಕ್ಕಿಂತ ಹೆಚ್ಚು. ಹಳೆಯ ಚಿಕಿತ್ಸೆಯಲ್ಲಿ ವೈರಸ್ ಏರಿದ್ದಾಗಲೇ ಹೊಸದಕ್ಕೆ ಬದಲಾಯಿಸಿದವರಲ್ಲಿ ಇದು ಇನ್ನೂ ಮೇಲಿದೆ. ಅಂತಹವರಲ್ಲಿ ಟೆನೊಫೊವಿರ್, ಲಾಮಿವುಡಿನ್‌ಗಳಿಗೆ ಮೊದಲೇ ನಿರೋಧವಿದ್ದರೆ, ಮೂರೆಂದು ಕೊಟ್ಟುದು ವಾಸ್ತವದಲ್ಲಿ ಒಂದೇ ಆಗಿರುತ್ತದೆ. ತಿಂಗಳಿಗೊಮ್ಮೆ, ಎರಡು ತಿಂಗಳಿಗೊಮ್ಮೆ, ಆರು ತಿಂಗಳಿಗೊಮ್ಮೆ ಚುಚ್ಚುವ ಔಷಧಗಳೂ ಈಗ ಬಂದಿವೆ. ಮಾತ್ರೆ ಮರೆಯುವ ಭಯ ಅವುಗಳಲ್ಲಿಲ್ಲ. ಆದರೆ ಚುಚ್ಚುಮದ್ದನ್ನು ನಿಲ್ಲಿಸಿದವರಲ್ಲಿ ಔಷಧದ ತೆಳುವಾದ ಉಳಿಕೆ ತಿಂಗಳುಗಟ್ಟಲೆ, ಕ್ಯಾಬೊಟೆಗ್ರವಿರಿನಲ್ಲಿ ಕೆಲವರಿಗೆ ವರ್ಷಕ್ಕೂ ಮೇಲೆ, ರಕ್ತದಲ್ಲಿ ಇರುತ್ತದೆ. ಹೆರಿಗೆಯ ಮನೆಯಲ್ಲಿ ನೆವಿರಪಿನ್ನಿನ ಮೂರು ವಾರಗಳಿಗೆ ಮಾಡಬೇಕಾಗಿದ್ದ ಲೆಕ್ಕವನ್ನು ಈಗ ಐವತ್ತು ವಾರಗಳಿಗೆ ಮಾಡಬೇಕಾಗಿದೆ.